ಅರಿವಿನ ಕೊರತೆಯೆಂಬ ಅಪವಾದ

ಸುಸ್ಥಿರ ಅಭಿವೃದ್ಧಿಯ ಶಿಕ್ಷಣ, ಯುವಜನರ ಸಹಭಾಗಿತ್ವ ಎಂಬ ಹೆಸರುಗಳಿಂದ ನಮ್ಮ ರಾಷ್ಟ್ರೀಯ ನೀತಿಗಳು ಹೇಳುತ್ತಿರುವುದೆಲ್ಲದರ ಬುಡದಲ್ಲಿ ಒಂದು ನಂಬಿಕೆ ನೆಲೆಯೂರಿ ಕುಳಿತಿದೆ. ತರುಣರಿಗೆ ಪರಿಸರದ ವಿಷಯದಲ್ಲಿ ಅರಿವು ಸಾಲದು. ಪಾಠದಿಂದಲೂ ಪ್ರತಿಜ್ಞೆಯಿಂದಲೂ ಪ್ರಬಂಧ ಸ್ಪರ್ಧೆಯಿಂದಲೂ ಸಸಿ ನೆಡುವ ಉತ್ಸವದಿಂದಲೂ ಆ ಅರಿವನ್ನು ಅವರಲ್ಲಿ ತುಂಬಿದರೆ ಅವರ ನಡತೆ ತಿದ್ದೀತು. ಒಬ್ಬೊಬ್ಬರ ನಡತೆಯೂ ತಿದ್ದಿದರೆ ನಾಡಿನ ನೆಲಜಲಗಳು ತಾವಾಗಿಯೇ ಉಳಿದಾವು ಎಂಬುದೇ ಆ ನಂಬಿಕೆ. ಮಂತ್ರಿಗಳ ಭಾಷಣ, ಇಲಾಖೆಯ ಸುತ್ತೋಲೆ, ಪಠ್ಯಪುಸ್ತಕದ ಮುನ್ನುಡಿ, ಸೇವಾಸಂಸ್ಥೆಗಳ ಕರಪತ್ರ ಇವೆಲ್ಲವೂ ಅದನ್ನು ವಿಚಾರಕ್ಕೆ ಒಳಪಡಿಸದೆಯೇ ಸಿದ್ಧಾಂತವೆಂದು ಸ್ವೀಕರಿಸಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳ ಅನುಭವವನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ಖಂಡಿಸುವುದು ನನ್ನ ಉದ್ದೇಶ. ಅದು ಅಪೂರ್ಣವಾದದ್ದೆಂದಷ್ಟೇ ಹೇಳಿ ನಿಲ್ಲಲಾರೆ. ರೋಗದ ನಿದಾನದಲ್ಲಿಯೇ ಅದು ತಪ್ಪಿದೆ. ಅಧಿಕಾರವುಳ್ಳವರು ಹೊರಬೇಕಾದ ಹೊಣೆಯನ್ನು ಅಧಿಕಾರವಿಲ್ಲದವರ ಹೆಗಲಿಗೆ ದಾಟಿಸುವುದರಿಂದ ಅದು ಅನ್ಯಾಯವೂ ಆಗಿದೆ.

ಈ ನಂಬಿಕೆಗೆ ಸಾಕಷ್ಟು ಕಾಲಾವಕಾಶ ದೊರೆಯಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು ನಿಸರ್ಗದ ರಕ್ಷಣೆಯನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪರಿಸರಪ್ರಜ್ಞೆಯನ್ನು ಬಾಲ್ಯದಿಂದಲೇ ಮೂಡಿಸಬೇಕೆಂದಿತು. ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು, ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾದ ವಿಷಯವಾಗಿ ಕಲಿಸುವ ಏರ್ಪಾಡಾಗಬೇಕೆಂದೂ ಚಿತ್ರಮಂದಿರಗಳಲ್ಲಿ ಆಟಕ್ಕೆ ಮುನ್ನ ಪರಿಸರ ಸಂದೇಶದ ಸ್ಲೈಡುಗಳನ್ನು ತೋರಿಸತಕ್ಕದ್ದೆಂದೂ ಆಜ್ಞಾಪಿಸಿತು. ಹನ್ನೆರಡು ವರ್ಷಗಳ ತರುವಾಯ, 2003ರಲ್ಲಿ, ಆ ಆಜ್ಞೆಯ ಪಾಲನೆಗೆ ಮತ್ತೊಮ್ಮೆ ಒತ್ತಾಯಿಸಿತು. ಶಾಲೆಗಳಲ್ಲಿ ರಾಷ್ಟ್ರೀಯ ಹಸಿರು ಪಡೆಯೂ ಇಕೋ ಕ್ಲಬ್ಬುಗಳೂ ಹುಟ್ಟಿದವು. 2005ರಿಂದ 2014ರವರೆಗಿನ ದಶಕವನ್ನು ವಿಶ್ವಸಂಸ್ಥೆಯು ಸುಸ್ಥಿರ ಅಭಿವೃದ್ಧಿಯ ಶಿಕ್ಷಣಕ್ಕೆಂದೇ ಮೀಸಲಿಟ್ಟಿತು. 2014ರ ರಾಷ್ಟ್ರೀಯ ಯುವ ನೀತಿ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. 2022ರ ಅಕ್ಟೋಬರಿನಲ್ಲಿ, ಪರಿಸರಕ್ಕೆ ಹೊಂದುವ ಜೀವನಶೈಲಿಯನ್ನು ಬೋಧಿಸುವ ‘ಮಿಷನ್ ಲೈಫ್’ ಬಂದಿತು. ಇವೆಲ್ಲವೂ ಸದುದ್ದೇಶದಿಂದ ಹುಟ್ಟಿದವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಾನು ಕೇಳುವುದು ಇಷ್ಟೇ: ಇಷ್ಟು ದೀರ್ಘಕಾಲ ಅರಿವನ್ನು ಹಂಚಿದ ಮೇಲೆ, ಹಂಚಿಸಿಕೊಂಡ ನೆಲ ಯಾವ ಸ್ಥಿತಿಯಲ್ಲಿದೆ?

ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿಗಳು ಹುಟ್ಟುತ್ತವೆ. ಶಿಡ್ಲಘಟ್ಟದ ಸೀಮೆಯ ತಲಕಾಯಲಬೆಟ್ಟದಲ್ಲಿ ಪಾಪಾಗ್ನಿ ಹುಟ್ಟುತ್ತದೆ. ಇಷ್ಟು ನದಿಗಳಿಗೆ ಜನ್ಮವಿತ್ತ ಈ ಸೀಮೆಯಲ್ಲಿ ಅವುಗಳೊಂದೂ ವರ್ಷವೆಲ್ಲ ಹರಿಯುವುದಿಲ್ಲ. ಹರಿಯದ ನದಿಗಳ ನಾಡಿನಲ್ಲಿ ಜನರನ್ನು ಶತಮಾನಗಳ ಕಾಲ ಬದುಕಿಸಿದ್ದು ಕೆರೆ, ಕುಂಟೆ, ಕಲ್ಯಾಣಿ, ತೆರೆದ ಬಾವಿಗಳು. ಸರ್ವೋಚ್ಚ ನ್ಯಾಯಾಲಯದ ಮೊದಲ ಆಜ್ಞೆ ಹೊರಟ ದಿನದಿಂದ ಈಚೆಗೆ, ಅಂದರೆ ಪರಿಸರದ ಪಾಠ ಹಿಂದೆಂದಿಗಿಂತಲೂ ಹೆಚ್ಚಾಗಿ ನಡೆದ ಕಾಲಾವಧಿಯಲ್ಲಿಯೇ, ತೆರೆದ ಬಾವಿಗಳು ಬತ್ತಿ ಹಾಳುಗುಂಡಿಗಳಾದವು. ಕೊಳವೆಬಾವಿಗಳು ನೂರಿನ್ನೂರು ಅಡಿಗಳಿಂದ ಸಾವಿರವನ್ನು ದಾಟಿ ಸಾವಿರದೈನೂರು ಅಡಿಗಳವರೆಗೂ ಇಳಿದವು. ಅಷ್ಟು ಆಳದಿಂದ ಬಂದ ನೀರಿನೊಡನೆ ಫ್ಲೋರೈಡ್ ಬಂದು ಮಕ್ಕಳ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳನ್ನೂ ಮುದುಕರ ಕೀಲುಗಳಲ್ಲಿ ನೋವನ್ನೂ ಬಿಟ್ಟಿತು. ಕೇಂದ್ರ ಅಂತರ್ಜಲ ಮಂಡಳಿಯ ಗಣನೆಗಳಲ್ಲಿ ಈ ತಾಲ್ಲೂಕುಗಳು ‘ಅತಿಬಳಕೆ’ಯ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದಿವೆ, ಅಂದರೆ ಮಳೆ ಒಳಗೆ ಇಳಿಸುವುದಕ್ಕಿಂತ ಹೆಚ್ಚು ನೀರನ್ನು ನಾವು ಹೊರಗೆ ಎತ್ತುತ್ತಿದ್ದೇವೆ. ಪಾಠವೇ ಈ ದುರ್ಗತಿಗೆ ಕಾರಣವೆಂದು ನಾನು ಹೇಳುತ್ತಿಲ್ಲ. ನೆಲ ಬತ್ತುತ್ತಿದ್ದ ಕಾರಣ ಒಂದು ಕಡೆ ಇತ್ತು, ಪಾಠದ ದೃಷ್ಟಿ ಮತ್ತೊಂದು ಕಡೆ ಇತ್ತು ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ತರುಣರಿಗೆ ಅರಿವಿಲ್ಲವೆಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ಚಿಂತಾಮಣಿಯ ಯಾವುದೇ ಹಳ್ಳಿಯಲ್ಲಿ ಟೊಮೆಟೊ ಬೆಳೆಯುವ ಮನೆಯ ಹದಿನೇಳು ವರ್ಷದ ಹುಡುಗನನ್ನು ಮಾತನಾಡಿಸಿ ನೋಡಿ. ತನ್ನ ಮನೆಯ ಎಷ್ಟು ಬೋರ್‌ಗಳು ಫೇಲಾಗಿವೆ, ಎಷ್ಟನೆಯ ಅಡಿಯಲ್ಲಿ ಬರೀ ಧೂಳು ಬಂದಿತು, ಎಷ್ಟನೆಯ ಅಡಿಯಲ್ಲಿ ಒಂದಿಂಚು ನೀರು ಕಂಡಿತು, ತಮಿಳುನಾಡಿನಿಂದ ಬರುವ ರಿಗ್ ಲಾರಿಯವನಿಗೆ ಅಡಿಗೆಷ್ಟು ಕೊಡಬೇಕು, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನಿಗೆ ಎಷ್ಟು ತೆತ್ತರು, ಕೇಸಿಂಗ್ ಪೈಪಿಗಾಗಿ ಅಮ್ಮನ ಯಾವ ಒಡವೆ ಅಡವು ಹೋಯಿತು ಎಂಬುದೆಲ್ಲ ಅವನಿಗೆ ಕಂಠಪಾಠವಾಗಿರುತ್ತದೆ. ಶಿಡ್ಲಘಟ್ಟದ ಹುಡುಗಿಗೆ, ಹಿಪ್ಪುನೇರಳೆ ಸೊಪ್ಪು ಬಾಡಿದರೆ ನಾಲ್ಕನೆಯ ಜ್ವರದಿಂದ ಎದ್ದ ರೇಷ್ಮೆಹುಳುವಿನ ಗತಿಯೇನು, ಚಂದ್ರಿಕೆಗೆ ಹತ್ತಿದ ಹುಳು ಕಟ್ಟುವ ಗೂಡು ಎಷ್ಟು ತೆಳ್ಳಗಾದೀತು, ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ರೀಲರುಗಳು ಅದನ್ನು ಯಾವ ದರಕ್ಕೆ ಕೂಗಿಯಾರು ಎಂಬುದು ತಿಳಿದಿರುತ್ತದೆ. ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಸೈಕಲ್ಲಿನ ಹಿಂದೆ ಕಟ್ಟಿ ತರುವ ಬಾಲಕನಿಗೆ, ಮನೆಯ ನಲ್ಲಿಯ ನೀರನ್ನು ಏಕೆ ಕುಡಿಯಬಾರದೆಂದು ಯಾವ ಅಧ್ಯಾಪಕನೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇಂಥ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ನೀರನ್ನು ಮಿತವಾಗಿ ಬಳಸುತ್ತೇನೆ’ ಎಂದು ಬಲಗೈ ಚಾಚಿಸಿ ಪ್ರತಿಜ್ಞೆ ಮಾಡಿಸುವುದು ಶಿಕ್ಷಣವೆನಿಸದು. ನೀರಿಗಾಗಿ ಬವಣೆಪಟ್ಟವರ ಮೇಲೆಯೇ ನೀರು ಹಾಳುಮಾಡಿದ ಅಪವಾದವನ್ನು ಹೊರಿಸುವ ವಿಧಿ ಅದು.

ಇದಕ್ಕೆ ಬರಬಹುದಾದ ಪ್ರಬಲವಾದ ಆಕ್ಷೇಪವನ್ನು ನಾನು ಮರೆಮಾಚುವುದಿಲ್ಲ. ಅಂತರ್ಜಲವನ್ನು ಎತ್ತಿದವರು ಹೊರಗಿನವರಲ್ಲ. ಈ ತರುಣರ ತಂದೆತಾಯಿಗಳೇ, ನಾಳೆ ಈ ತರುಣರೇ. ಆದ್ದರಿಂದ ನಡತೆಯನ್ನು ತಿದ್ದದೆ ಗತ್ಯಂತರವೇನಿದೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದು, ಆದರೆ ಅದರಲ್ಲಿಯೇ ಪ್ರಚಲಿತ ನಂಬಿಕೆಯ ಮೂಲದೋಷವೂ ಅಡಗಿದೆ. ಗಟ್ಟಿಬಂಡೆಯ ಸೀಳುಗಳಲ್ಲಿ ನಿಂತ ನೀರು ಒಬ್ಬನದಲ್ಲ. ಅಕ್ಕಪಕ್ಕದ ಹತ್ತು ಹೊಲಗಳ ಅಡಿಯಲ್ಲಿ ಅದು ಒಂದೇ. ಪಾಠವನ್ನು ಶ್ರದ್ಧೆಯಿಂದ ಕಲಿತ ಒಬ್ಬ ರೈತನ ಮಗ ತಾನು ಇನ್ನು ಆಳಕ್ಕೆ ಕೊರೆಸುವುದಿಲ್ಲವೆಂದು ಸಂಕಲ್ಪಿಸಿದನೆಂದಿಟ್ಟುಕೊಳ್ಳಿ. ಅವನು ಬಿಟ್ಟ ನೀರು ಭೂಮಿಯಲ್ಲಿ ಉಳಿಯುವುದಿಲ್ಲ, ಪಕ್ಕದವನ ಆಳವಾದ ಕೊಳವೆಗೆ ಸರಿಯುತ್ತದೆ. ಅವನ ಸದ್ಗುಣ ಅವನನ್ನು ಸಾಲದಲ್ಲಿ ಬಿಟ್ಟು, ಊರಿಗೆ ಒಂದು ಕೊಡ ನೀರನ್ನೂ ಉಳಿಸದೆ ವ್ಯರ್ಥವಾಗುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತವಾಗಿ ಸಲ್ಲುತ್ತಿದೆ. ಅದು ಸರಿಯೋ ತಪ್ಪೋ, ಸರಿಯಾದರೆ ಯಾವ ಕಟ್ಟುಪಾಡಿನೊಡನೆ ಸರಿ, ಯಾವ ಬೆಳೆಗೆ ಎಷ್ಟು ನೀರು, ಎರಡು ಕೊಳವೆಗಳ ನಡುವೆ ಎಷ್ಟು ಅಂತರ, ಬರಗಾಲದಲ್ಲಿ ಯಾರ ನೀರು ಮೊದಲು ನಿಲ್ಲತಕ್ಕದ್ದು ಎಂಬಿವು ಊರು ಒಟ್ಟಾಗಿ ಕುಳಿತು ನಿರ್ಣಯಿಸತಕ್ಕ ಪ್ರಶ್ನೆಗಳು, ಸರ್ಕಾರ ಕಾನೂನಿನ ಮೂಲಕ ನಡೆಸಿಕೊಡತಕ್ಕ ಪ್ರಶ್ನೆಗಳು. ‘ಮಿಷನ್ ಲೈಫ್’ ಏಳು ವಿಭಾಗಗಳಲ್ಲಿ 75 ಆಚರಣೆಗಳನ್ನು ಪಟ್ಟಿಮಾಡಿ ಪ್ರಜೆಯ ಕೈಗಿತ್ತಿದೆ. ನಲ್ಲಿ ನಿಲ್ಲಿಸು, ದೀಪ ಆರಿಸು, ಬಟ್ಟೆಯ ಚೀಲ ಹಿಡಿ ಎಂಬಂಥವು ಅವು. ಒಂದೊಂದೂ ಒಳ್ಳೆಯದೇ; ಆದರೆ ಎಲ್ಲವನ್ನೂ ನಿಷ್ಠೆಯಿಂದ ಪಾಲಿಸಿದ ಹಳ್ಳಿಯಲ್ಲಿಯೂ ಅಂತರ್ಜಲ ಇಳಿಯುತ್ತಲೇ ಹೋಗಬಲ್ಲದು. ಸಾಮೂಹಿಕವಾದ ನಷ್ಟಕ್ಕೆ ವೈಯಕ್ತಿಕವಾದ ಪ್ರಾಯಶ್ಚಿತ್ತವನ್ನು ವಿಧಿಸುವ ಶಿಕ್ಷಣವು ತರುಣನಿಗೆ ಅಪರಾಧಿಭಾವವನ್ನು ಕೊಟ್ಟೀತೇ ಹೊರತು ಶಕ್ತಿಯನ್ನು ಕೊಡಲಾರದು.

ಪ್ರಶ್ನೆಯಿಲ್ಲದ ಪರಿಸರಭಕ್ತಿ ಏನು ಮಾಡಬಲ್ಲದೆಂಬುದಕ್ಕೆ ಈ ಜಿಲ್ಲೆಯೇ ಒಂದು ದೊಡ್ಡ ದೃಷ್ಟಾಂತವನ್ನು ಒದಗಿಸಿದೆ. ನೀಲಗಿರಿಯ ಮರ ನಂದಿಬೆಟ್ಟಕ್ಕೆ ಟಿಪ್ಪುವಿನ ಕಾಲದಲ್ಲಿ ಬಂದಿತೆಂದು ಹೇಳುತ್ತಾರೆ. ಅಲ್ಲಿನ ಹಳೆಯ ಮರಗಳ ಬೀಜಸಂತತಿಯಿಂದಲೇ ‘ಮೈಸೂರು ಗಮ್’ ಎಂದು ಹೆಸರಾದ ತಳಿ ದೇಶದ ಬಯಲುಗಳಿಗೆಲ್ಲ ಹಬ್ಬಿತು. 1970ರ ದಶಕದ ಕೊನೆಯಿಂದ ಈ ಸೀಮೆಯೂ ಸೇರಿದ್ದ ಅವಿಭಕ್ತ ಕೋಲಾರ ಜಿಲ್ಲೆಯಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದು ರಾಗಿಯ ಹೊಲಗಳನ್ನು ಆಕ್ರಮಿಸಿತು. ಮರ ನೆಡುವುದು ಪುಣ್ಯ, ಹಸಿರೆಲ್ಲವೂ ಕಾಡು ಎಂಬ ಸರಳವಾದ ಪಾಠವನ್ನು 1950ರ ವನಮಹೋತ್ಸವದಿಂದೀಚೆಗೆ ಕೇಳುತ್ತ ಬಂದಿದ್ದ ನಾಡಿಗೆ, ಈ ಮರ ಯಾವ ಕಾರ್ಖಾನೆಗಾಗಿ ಬೆಳೆಯುತ್ತಿದೆ, ಹೊಲ ಮರತೋಪಾದಾಗ ಕಳೆ ಕೀಳುವ ಕೂಲಿಯ ಹೆಂಗಸಿಗೆ ಎಷ್ಟು ದಿನದ ದುಡಿಮೆ ತಪ್ಪಿತು, ದನಕ್ಕೆ ಹುಲ್ಲು ಎಲ್ಲಿಂದ ಬರಬೇಕು, ಬೇರು ಎಷ್ಟು ಆಳದ ನೀರನ್ನು ಹೀರುತ್ತದೆ ಎಂದು ಕೇಳುವ ಅಭ್ಯಾಸವಿರಲಿಲ್ಲ. ವಂದನಾ ಶಿವ ಮತ್ತು ಅವರ ಸಂಗಡಿಗರು 1981ರಲ್ಲಿ ಕೋಲಾರದ ಸಾಮಾಜಿಕ ಅರಣ್ಯವನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಇಂಥ ಪ್ರಶ್ನೆಗಳನ್ನೇ ಎತ್ತಿದರು. ಕೆಲವೇ ಕಾಲದಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದರು. ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಆ ಮೂವತ್ತೈದು ವರ್ಷಗಳ ಉದ್ದಕ್ಕೂ ಶಾಲೆಯ ಮಕ್ಕಳು ಜೂನ್ 5ರಂದು ಸಸಿ ನೆಡುತ್ತಲೇ ಇದ್ದರು. ಸಸಿ ಕಿತ್ತ ರೈತನು ಪರಿಸರದ್ರೋಹಿಯೋ ಪರಿಸರದ ರಕ್ಷಕನೋ ಎಂಬುದನ್ನು ತರಗತಿಯಲ್ಲಿ ಚರ್ಚಿಸಿದ್ದರೆ, ಒಂದು ಇಡೀ ಪೀಳಿಗೆ ವಿಚಾರವಂತವಾಗುತ್ತಿತ್ತು. ಆ ಚರ್ಚೆ ನಮ್ಮ ಪಠ್ಯಕ್ರಮದಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ.

ಇನ್ನು ನೀರಿನ ನಿರ್ಣಯಗಳನ್ನು ನೋಡೋಣ; ತರುಣರ ಭವಿಷ್ಯ ನಿಜವಾಗಿ ನಿಶ್ಚಯವಾಗುತ್ತಿರುವುದು ಅಲ್ಲಿಯೇ. 2014ರ ಮಾರ್ಚಿನಲ್ಲಿ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. ನೇತ್ರಾವತಿಯ ತಲೆಹೊಳೆಗಳಿಂದ 24.01 ಟಿಎಂಸಿ ನೀರನ್ನು ಎತ್ತಿ ಪೂರ್ವದ ಬಯಲುಸೀಮೆಗೆ ತರುವುದಾಗಿ ಸರ್ಕಾರ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ, ಆ ಜಲಾನಯನದ ಇಳುವರಿಯೇ ಸುಮಾರು 9.55 ಟಿಎಂಸಿ ಎಂದಿತು. ಶಂಕುಸ್ಥಾಪನೆಯ ಹೊತ್ತಿಗೆ ಸುಮಾರು ಹದಿಮೂರು ಸಾವಿರ ಕೋಟಿ ರೂಪಾಯಿಗಳಷ್ಟಿದ್ದ ಅಂದಾಜು ಇಪ್ಪತ್ತಮೂರು ಸಾವಿರ ಕೋಟಿಯನ್ನು ಮೀರಿತು. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ನಡೆಯಿತು. 24.01 ಮತ್ತು 9.55 ಎಂಬ ಎರಡು ಸಂಖ್ಯೆಗಳ ನಡುವಿನ ಅಂತರವೇ ಈ ಜಿಲ್ಲೆಯ ಪ್ರತಿಯೊಂದು ಪ್ರೌಢಶಾಲೆಗೂ ಒಂದು ವರ್ಷದ ಪಠ್ಯವಾಗಬಹುದಾಗಿತ್ತು. ಹೊಳೆಯ ಇಳುವರಿಯನ್ನು ಹೇಗೆ ಅಳೆಯುತ್ತಾರೆ, ಇಬ್ಬರು ಬಲ್ಲವರ ಎಣಿಕೆ ಇಷ್ಟೇಕೆ ಭಿನ್ನವಾಯಿತು, ಘಟ್ಟದ ಕಾಡು ಕಡಿದಲ್ಲಿ ಹೊಳೆಯ ಗತಿಯೇನು, ಕರಾವಳಿಯ ಜನ ಏಕೆ ವಿರೋಧಿಸುತ್ತಾರೆ, ಅವರ ಬಾಯಾರಿಕೆಗೂ ನಮ್ಮ ಬಾಯಾರಿಕೆಗೂ ನ್ಯಾಯವಾದ ತಕ್ಕಡಿ ಯಾವುದು ಎಂಬ ಪ್ರಶ್ನೆಗಳಲ್ಲಿ ಗಣಿತ, ಭೂಗೋಳ, ಪೌರನೀತಿ, ಧರ್ಮವಿವೇಕ ಎಲ್ಲವೂ ಸೇರಿವೆ. ಆದರೆ ಅವನ್ನು ಓದಿಸಿದ ನೀತಿ ಯಾವುದೂ ಇಲ್ಲ. ಶಾಶ್ವತ ನೀರಾವರಿಗಾಗಿ ಕೋಲಾರ ಚಿಕ್ಕಬಳ್ಳಾಪುರಗಳ ರೈತರು 2016ರ ಮಾರ್ಚಿನಲ್ಲಿ ಟ್ರ್ಯಾಕ್ಟರುಗಳನ್ನೇರಿ ಬೆಂಗಳೂರಿನ ಕಡೆಗೆ ಹೊರಟಾಗ, ಆ ಟ್ರ್ಯಾಕ್ಟರುಗಳ ಮೇಲೆ ಕುಳಿತ ತರುಣರನ್ನು ಯಾವ ಯುವನೀತಿಯೂ ‘ಸಹಭಾಗಿತ್ವ’ದ ಲೆಕ್ಕಕ್ಕೆ ಹಿಡಿಯಲಿಲ್ಲ, ಪೊಲೀಸರ ತಡೆ ಮಾತ್ರ ಅವರನ್ನು ಲೆಕ್ಕಕ್ಕೆ ಹಿಡಿಯಿತು.

ಅನಂತರ ಬಂದದ್ದು ಬೆಂಗಳೂರಿನ ಕೊಳಚೆಯ ಸಂಸ್ಕರಿತ ನೀರು. ಹೆಬ್ಬಾಳ ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ನೀರನ್ನು, ಎರಡನೆಯ ಹಂತದವರೆಗೆ ಮಾತ್ರ ಶುದ್ಧಮಾಡಿ, ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಹರಿಸುವುದು ಯೋಜನೆ. ಬಹುಕಾಲ ಒಣಗಿದ್ದ ಕಂದವಾರ ಕೆರೆಯಲ್ಲಿ ನೀರು ಕಂಡಾಗ ಜನ ಸಂತೋಷಪಟ್ಟದ್ದು ಸಹಜ. ಸುತ್ತಿನ ಬಾವಿಗಳಿಗೆ ಜೀವ ಬರುವುದನ್ನು ಕಂಡವರನ್ನು ನಾನು ಅಲ್ಲಗಳೆಯಲಾರೆ. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂದು ಹೋರಾಡಿದವರ ಭೀತಿಯೂ ಸಹಜವಾದದ್ದೇ. ಈ ವಿವಾದವನ್ನು ಬಗೆಹರಿಸುವ ಶಕ್ತಿ ಘೋಷಣೆಗಿಲ್ಲ, ಪರೀಕ್ಷೆಗಿದೆ. ಕೆರೆಯ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು, ನೈಟ್ರೇಟ್ ಎಷ್ಟು, ದಂಡೆಯ ಬಾವಿಯಲ್ಲಿ ಆರು ತಿಂಗಳ ಹಿಂದೆ ಏನಿತ್ತು ಈಗೇನಿದೆ ಎಂಬುದನ್ನು ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯ ತಕ್ಕಮಟ್ಟಿಗೆ ಕಂಡುಹಿಡಿಯಬಲ್ಲದು. ಅದೇ ವಿದ್ಯಾರ್ಥಿಗಳು ಅದೇ ಪ್ರಯೋಗಾಲಯದಲ್ಲಿ, ಯಾವ ಕೆರೆಗೂ ಸಂಬಂಧವಿಲ್ಲದ, ಸೀಸೆಯಲ್ಲಿ ತುಂಬಿಟ್ಟ ಲವಣವನ್ನು ಪರೀಕ್ಷಿಸಿ ಅಂಕ ಪಡೆದು ಹೊರಬರುತ್ತಾರೆ.

ಅಳತೆಯ ಮಾತು ಬಂದಾಗ ಗೌರಿಬಿದನೂರನ್ನು ನೆನೆಯದಿರಲು ಸಾಧ್ಯವಿಲ್ಲ. ಅಲ್ಲಿ 1960ರ ದಶಕದಿಂದಲೂ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕ ಜಾಲವೊಂದು ಕೆಲಸಮಾಡುತ್ತಿದೆ. ದೂರದೇಶಗಳಲ್ಲಿ ನೆಲದಡಿ ನಡೆದ ಅಣುಸ್ಫೋಟಗಳ ಕಂಪನವನ್ನು ಅದು ಗ್ರಹಿಸಿ ದಾಖಲಿಸುತ್ತದೆ. ಹತ್ತಿರದಲ್ಲಿಯೇ ಸೂರ್ಯನಿಂದ ಬರುವ ರೇಡಿಯೋ ತರಂಗಗಳನ್ನು ಅಳೆಯುವ ವೀಕ್ಷಣಾಲಯವಿದೆ. ಭೂಕಂಪಮಾಪಕಕ್ಕೆ ಈ ಸೀಮೆ ಒದಗಿಬಂದದ್ದು ಅಲ್ಲಿನ ಪುರಾತನವಾದ, ಕದಲದ ಗಟ್ಟಿಬಂಡೆಯ ಕಾರಣದಿಂದ. ಅದೇ ಬಂಡೆ ತನ್ನ ಸೀಳುಗಳ ಹೊರತು ಬೇರೆಲ್ಲಿಯೂ ನೀರನ್ನು ಹಿಡಿದಿಡಲಾರದ್ದರಿಂದಲೇ ಇಲ್ಲಿನ ಕೊಳವೆಬಾವಿಗಳು ಇಷ್ಟು ಬೇಗ ಬರಿದಾದವು. ಭೂಮಂಡಲದ ಮತ್ತೊಂದು ಮಗ್ಗುಲಿನ ಕಂಪನವನ್ನು ಅಳೆಯಬಲ್ಲ ನೆಲದ ಮೇಲೆಯೇ, ಮರಳೂರು ಕೆರೆಯ ನೀರು ಈ ತಿಂಗಳು ಎಷ್ಟು ಅಡಿ ಇಳಿಯಿತೆಂದು ಬರೆದಿಡುವ ಒಂದು ಪುಸ್ತಕವನ್ನು ಊರಿನ ಶಾಲೆಯ ಕೈಗೆ ಕೊಡುವ ಯೋಚನೆ ಯಾವ ನೀತಿಕಾರನಿಗೂ ಬಾರದಿದ್ದುದು ವಿಷಾದದ ಸಂಗತಿ.

ಇಂಥ ಶಿಕ್ಷಣ ನಮಗೆ ಪರಕೀಯವೂ ಅಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಭಾವಚಿತ್ರವಿಲ್ಲದ ಶಾಲೆ ಈ ಸೀಮೆಯಲ್ಲಿಲ್ಲ. ಆದರೆ ಅವರ ಜೀವನದ ಮುಖ್ಯ ವ್ರತವಾಗಿದ್ದದ್ದು ಅಳೆದು, ಬರೆದು, ಲೆಕ್ಕ ಒಪ್ಪಿಸುವುದು. ಅದನ್ನು ಬಿಟ್ಟು ಪೇಟವನ್ನು ಮಾತ್ರ ನಾವು ಪೂಜಿಸುತ್ತಿದ್ದೇವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಪವಾಡಗಳನ್ನು ಪರಿಶೀಲಿಸಲು 1976ರಲ್ಲಿ ಸಮಿತಿಯನ್ನು ನೇಮಿಸಿದವರಾಗಿ, ಪ್ರಶ್ನೆ ಕೇಳುವುದನ್ನೇ ವಿದ್ಯೆಯ ಪ್ರಾಣವೆಂದು ಬಾಳಿ ತೋರಿಸಿದರು. ತಮ್ಮ ಸೀಮೆಯ ಹಳ್ಳಿಯ ಮಕ್ಕಳಿಗಾಗಿ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜನ್ನು ತಂದರು. ಇವರ ನೆಲದಲ್ಲಿ ಪರಿಸರಶಿಕ್ಷಣವು ಪ್ರತಿಜ್ಞೆಯ ಪಠಣವಾಗಿ ಇಳಿದಿರುವುದನ್ನು ಸಹಿಸುವುದು ಕಷ್ಟ.

ಯುವನೀತಿಗಳ ‘ಯುವಕ’ ಯಾರೆಂಬುದನ್ನೂ ಕೇಳಬೇಕು. 15ರಿಂದ 29 ವರ್ಷದವರೆಲ್ಲ ಯುವಜನರೆಂದು 2014ರ ನೀತಿ ಹೇಳುತ್ತದೆ. ಆದರೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವಾಗಲಿ ಇಕೋ ಕ್ಲಬ್ಬಾಗಲಿ ಮುಟ್ಟುವುದು ಹಾಜರಿಪುಸ್ತಕದಲ್ಲಿ ಹೆಸರಿರುವವನನ್ನು. ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕದಲ್ಲಿ ಕುದಿನೀರಿನ ಮುಂದೆ ಕುಳಿತು ಎಳೆ ಹಿಡಿಯುವವಳು, ಚಿಂತಾಮಣಿಯ ಮಂಡಿಯಲ್ಲಿ ಬೆಳಗಿನ ಜಾವ ಟೊಮೆಟೊ ಬಾಕ್ಸು ಹೊರುವವನು, ಬೆಟ್ಟವನ್ನು ಒಡೆಯುವ ಕಲ್ಲುಗಣಿಯ ಕೂಲಿಯವನು ಆ ನೀತಿಗಳ ಎಣಿಕೆಗೆ ಬರುವುದಿಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ, ಗಣಿಗಾರಿಕೆಗೆ ತಂದ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಬೆಟ್ಟ ಒಡೆಯಲು ಪರವಾನಗಿ ಕೊಟ್ಟವರು ಯಾರು, ಸ್ಫೋಟಕವನ್ನು ಎಲ್ಲಿಡಬೇಕೆಂಬ ನಿಯಮವನ್ನು ನೋಡಿಕೊಳ್ಳಬೇಕಾದವರು ಯಾರು ಎಂದು ಕೇಳುವ ಹಕ್ಕು ಆ ಊರಿನ ತರುಣನಿಗಿದೆಯೆಂದು ಹೇಳಿಕೊಡದ ಶಿಕ್ಷಣ, ಬೆಟ್ಟಗಳ ಮಹತ್ವದ ಮೇಲೆ ಎಷ್ಟು ಪ್ರಬಂಧ ಬರೆಸಿದರೇನು? 2011ರ ಕೇಂದ್ರ ಮುಂಗಡಪತ್ರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದು ಮನೆಮನೆಯೂ ತತ್ತರಿಸಿತು. ಆ ಮನೆಗಳ ಮಕ್ಕಳಿಗೆ ಸುಸ್ಥಿರ ಬದುಕೆಂದರೆ ಮೊದಲು ಗೂಡಿಗೆ ನಿಲ್ಲುವ ಬೆಲೆ.

ಮಕ್ಕಳನ್ನು ಇಂಥ ವಿವಾದಗಳಿಗೆ ಎಳೆದರೆ ಶಾಲೆ ರಾಜಕೀಯದ ಅಖಾಡವಾದೀತೆಂದು ಹೆದರುವ ಸಜ್ಜನರಿದ್ದಾರೆ. ಪಕ್ಷರಾಜಕೀಯ ಶಾಲೆಯ ಹೊಸ್ತಿಲು ದಾಟಕೂಡದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತೂಬು ಏಕೆ ಒಡೆದಿದೆ, ರಾಜಕಾಲುವೆ ಯಾರ ಬಡಾವಣೆಯ ಕೆಳಗೆ ಮುಚ್ಚಿಹೋಯಿತು, ಹೂಳೆತ್ತಲು ಬಂದ ಹಣ ಎಷ್ಟು, ಎತ್ತಿದ ಹೂಳು ಎಷ್ಟು ಎಂದು ಕೇಳುವುದು ಪಕ್ಷರಾಜಕೀಯವಲ್ಲ. ಅದು ಪೌರಧರ್ಮದ ಮೊದಲ ಅಕ್ಷರ. ಹಿಂದೆ ಊರಿಗೊಬ್ಬ ನೀರಗಂಟಿ ಇದ್ದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಅಚ್ಚುಕಟ್ಟಿನವರೆಲ್ಲರ ಎದುರಿಗೆ ನಿಶ್ಚಯಿಸಿ ನಡೆಸುತ್ತಿದ್ದ. ಆ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳುಗಳಿದ್ದವು, ಅದನ್ನು ಹಾಗೆಯೇ ಮರಳಿ ತರಬೇಕೆಂದು ನಾನು ಹೇಳಲಾರೆ. ಆದರೂ ಕೆರೆ ಯಾರದೆಂಬ ಪ್ರಶ್ನೆಗೆ ಆಗ ಊರಿನಲ್ಲಿಯೇ ಉತ್ತರವಿತ್ತು. ಈಗ ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತಿಯದು, ಒತ್ತುವರಿಯ ಅಳತೆ ಕಂದಾಯ ಇಲಾಖೆಯದು. ದಂಡೆಯ ಮೇಲೆ ಬೆಳೆದ ತರುಣನ ಪಾಲಿಗೆ ಬಂದದ್ದು ಪ್ಲಾಸ್ಟಿಕ್ ಹೆಕ್ಕುವ ಶ್ರಮದಾನ. ಸಹಭಾಗಿತ್ವವೆಂದರೆ ಏನೆಂಬುದನ್ನು ಗೌರಿಬಿದನೂರು ಸೀಮೆಯ ಜನ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಕ್ತ ಸುರಿಸಿ ತೋರಿಸಿದರು. ಅವರು ರಾಷ್ಟ್ರೀಯ ಬಾವುಟದ ಮಹತ್ವವನ್ನು ಕುರಿತು ಉಪನ್ಯಾಸ ಕೇಳಲು ನೆರೆದಿರಲಿಲ್ಲ. ಬಾವುಟ ಹಾರಿಸುವ ಹಕ್ಕನ್ನು ಕೇಳಲು ನೆರೆದಿದ್ದರು. ಗೋಲೀಬಾರಿನ ತರುವಾಯ ವಿಚಾರಣಾ ಸಮಿತಿ ನೇಮಕವಾಯಿತು, ಸರ್ದಾರ್ ಪಟೇಲರು ಬಂದು ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದ ಮಾಡಿಕೊಂಡರು, ಸರ್ಕಾರದ ಆಜ್ಞೆ ಬದಲಾಯಿತು. ಒಂದು ನಿರ್ಣಯವನ್ನಾದರೂ ಬದಲಾಯಿಸಬಲ್ಲದಾಗಿದ್ದರೆ ಮಾತ್ರ ಅದು ಸಹಭಾಗಿತ್ವ, ಉಳಿದದ್ದು ಹಾಜರಿ.

ಬೇಕಾದ ಸಾಧನಗಳು ಇಲ್ಲವೆಂದಲ್ಲ. ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯತಕ್ಕದ್ದೆಂಬ ವಿಧಿಯಿದೆ. ಅಲ್ಲಿ ಮಕ್ಕಳು ಎತ್ತಿದ ಪ್ರಶ್ನೆಗೆ ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಬರಲೇಬೇಕೆಂಬ ಬಲವನ್ನು ಅದಕ್ಕೆ ತುಂಬಬೇಕು. 2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ, ಚಿಕ್ಕಬಳ್ಳಾಪುರವೂ ಸೇರಿದ ಜಿಲ್ಲೆಗಳಲ್ಲಿ ಗ್ರಾಮ ಪಂಚಾಯತಿಯೇ ಜಲಭದ್ರತೆಯ ಯೋಜನೆಯನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಆ ಕಾಗದ ಕಚೇರಿಯ ಬೀರುವಿನಲ್ಲಿ ಉಳಿಯದೆ ಪ್ರೌಢಶಾಲೆಯ ಮೇಜಿನ ಮೇಲೆ ಬರಬೇಕು. ಮಳೆಮಾಪಕ ಪ್ರತಿ ಶಾಲೆಯ ಅಂಗಳದಲ್ಲಿರಲಿ. ಬತ್ತಿದ ಒಂದು ಕೊಳವೆಬಾವಿ ನೀರಿನ ಮಟ್ಟವನ್ನು ಅಳೆಯಲು ಆ ಶಾಲೆಯ ವಶಕ್ಕೆ ಬರಲಿ. ಆ ಅಳತೆಯ ಪುಸ್ತಕ ಸರ್ಕಾರದ ದಾಖಲೆಯಾಗಿ ಮಾನ್ಯವಾಗಲಿ. ಹದಿನೆಂಟು ದಾಟಿದ ಓದುವವರೂ ದುಡಿಯುವವರೂ ಕೆರೆಯ ನಿರ್ವಹಣೆಯ ಸಮಿತಿಯಲ್ಲಿ ಮತದಾನದ ಹಕ್ಕಿನೊಡನೆ ಕುಳಿತುಕೊಳ್ಳಲಿ. ಇದಕ್ಕೆ ಬೇಕಾದ ಹಣ ಒಂದು ಕಾಲುವೆಯ ಅಂದಾಜು ಏರಿಕೆಯ ಮುಂದೆ ಗಣನೆಗೂ ಬಾರದು. 2021ರ ನವೆಂಬರಿನಲ್ಲಿ ಅಪಾರ ಮಳೆ ಸುರಿದು ಈ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಹರಿದವು. ಆ ನೀರಿನಲ್ಲಿ ಎಷ್ಟು ಒಳಗಿಳಿಯಿತು, ಎಷ್ಟು ಆಂಧ್ರದ ಕಡೆಗೆ ಹರಿದುಹೋಯಿತು, ಎಷ್ಟನ್ನು ಮೋಟಾರುಗಳು ಮರಳಿ ಎತ್ತಿದವು ಎಂಬ ಲೆಕ್ಕವನ್ನು ಊರಿನ ಮಕ್ಕಳ ಕೈಯಲ್ಲಿ ಬರೆಸಿದ್ದರೆ ಇಂದು ಪ್ರತಿ ಪಂಚಾಯತಿಯ ಬಳಿಯೂ ತನ್ನ ನೆಲದ ಸತ್ಯವಿರುತ್ತಿತ್ತು.

ಈ ನಾಲ್ಕು ತಾಲ್ಲೂಕುಗಳ ಪಂಚಾಯತಿ ಅಧ್ಯಕ್ಷರಲ್ಲಿಯೂ ಸದಸ್ಯರಲ್ಲಿಯೂ ಮುಖ್ಯೋಪಾಧ್ಯಾಯರಲ್ಲಿಯೂ ನನ್ನ ಬಿನ್ನಹ ಇದು: ಬರುವ ಜೂನ್ 5ರಂದು ಸಸಿ ನೆಡಿಸುವುದಕ್ಕೆ ಮುಂಚೆ, ನಿಮ್ಮ ಊರಿನ ಕೆರೆಯ ಗ್ರಾಮನಕ್ಷೆಯನ್ನೂ ಒತ್ತುವರಿಯ ಸರ್ವೆ ಅಳತೆಯನ್ನೂ ಕಳೆದ ಐದು ವರ್ಷಗಳಲ್ಲಿ ಅದರ ಹೆಸರಿನಲ್ಲಿ ಖರ್ಚಾದ ಹಣದ ಲೆಕ್ಕವನ್ನೂ ಆ ಮಕ್ಕಳ ಮುಂದೆ ಇಟ್ಟು ಗಟ್ಟಿಯಾಗಿ ಓದಿಸಿರಿ, ಮತ್ತು ಅವರು ಕೇಳುವ ಪ್ರಶ್ನೆಗಳನ್ನು ನಡವಳಿಯ ಪುಸ್ತಕದಲ್ಲಿ ಬರೆಸಿರಿ.